ಮೂಸಿ ಇಟ್ಟ ಎಡೆ

ಗದಗ ಕ್ಯಾಂಪು
೧೨ ಆಗಸ್ಟ್ ೧೯೫೩

ಅಕ್ಕ ಸತ್ಯವ್ವನಿಗೆ ತಮ್ಮ ಪಾಂಡಪ್ಪನ ನಮಸ್ಕಾರ.

'ಇತ್ತ ನಾವು ಕ್ಷೇಮ' ಎಂಬ ಸಾಲನ್ನು ಈ ಸಲ ಬರೆಯುವುದಿಲ್ಲ. ನಾನು ಕ್ಷೇಮವಾಗಿಲ್ಲ. ನಿನ್ನೆಯಿಂದ ನನಗೆ ಹೇಸಿಗೆ ಹತ್ತಿದೆ. ಕಾರಣ ನೀನು!

ಕೇಳು. ನಿನ್ನೆ ಇಲ್ಲಿ ಥಿಯೇಟರು ತುಂಬಿ ತುಳುಕುತ್ತಿತ್ತು. ತಗಡಿನ ಮೇಲೆ ಮಳೆ ನಗಾರಿ ಬಾರಿಸುತ್ತಿತ್ತು, ಆ ನಗಾರಿಯ ಮೇಲೆ ನನ್ನ ದನಿ. ನಾಟಕ ಯಾವುದೆಂದು ನಿನಗೆ ಗೊತ್ತು: 'ಭಕ್ತ ಗಿರಿಮಲ್ಲ ಅರ್ಥಾತ್ ಏಕಾದಶಿ ಮಹಿಮೆ'. ಕುರಿ ಕಾಯುವ ಮನೆತನದಲ್ಲಿ ಹುಟ್ಟಿ, ಬೀರೇಶ್ವರನಿಗೆ ನಡೆದುಕೊಂಡು, ನಡುವಯಸ್ಸಿನಲ್ಲಿ ಪಂಢರಪುರಕ್ಕೆ ಹೋಗಿ ಕೊರಳಿಗೆ ತುಳಸಿ ಮಾಲೆ ಹಾಕಿಕೊಂಡು ಮಾಳಕರಿಯಾದ ಮನುಷ್ಯ. ಅಂದಿನಿಂದ ಕುರಿಗಳ ನಡುವೆ ಮಲಗಿ ಎದ್ದರೂ ಕುರಿಯ ಖಂಡ ಮುಟ್ಟದವನು. ಕಡೆಗೆ ಏಕಾದಶಿಯ ದಿನವೇ ಅನ್ನ ಒಲ್ಲೆನೆಂದು, ತುಳಸಿ ನೀರು ಕುಡಿದು ಪ್ರಾಣ ಬಿಟ್ಟ ಪುಣ್ಯಾತ್ಮ. ನಮ್ಮ ಅಪ್ಪ! ಅವನು ತೀರಿದಾಗ ನಾನು ದಾವಣಗೆರೆಯಲ್ಲಿ ಬಣ್ಣ ಹಚ್ಚಿಕೊಂಡು ಕುಳಿತಿದ್ದೆ, ಮಣ್ಣಿಗೂ ಮುಟ್ಟಲಿಲ್ಲ. ಆ ಪಾಪ ತೊಳೆಯಲೆಂದೇ ನಮ್ಮಣ್ಣ ಜಕ್ಕಣ್ಣನಿಂದ ಎಲ್ಲವನ್ನೂ ಬರೆಯಿಸಿಕೊಂಡು ಈ ನಾಟಕ ಕಟ್ಟಿಸಿದೆ, ಅಪ್ಪನ ಪಾತ್ರ ನಾನೇ ತೆಗೆದುಕೊಂಡೆ. ಆ ನಾಟಕವಿದ್ದ ದಿನ ನಾನೂ ನಿರಾಹಾರ.

ಮೂರನೆಯ ಅಂಕ. ಮಗ ಅನ್ನದ ತಾಟು ತರುತ್ತಾನೆ. ನಾನು ಕೈ ಎತ್ತಿ ಗುಡುಗುತ್ತೇನೆ: "ದೂರ! ದೂರ ಸರಿಸು ಆ ಅನ್ನವನ್ನು! ಇಂದು ಏಕಾದಶಿ! ಹಸಿವೆಂಬ ಹಗೆಯ ಎದೆಯ ಮೇಲೆ ಕಾಲಿಟ್ಟು ನಾನು ವೈಕುಂಠಕ್ಕೆ ನಡೆದಿದ್ದೇನೆ!" ಹೆಂಗಸರ ಕಡೆಯಿಂದ ಬಿಕ್ಕುವ ಸದ್ದು, ಗಂಡಸರ ಕಡೆಯಿಂದ ಒನ್ಸ್‌ಮೋರ್. ನಿನ್ನೆ ಎರಡು ಸಲ ಸತ್ತೆ.

ಪರದೆ ಬಿದ್ದ ಮೇಲೆ ಒಳಗೆ ಬಂದವನು ಯಾರು? ನಮ್ಮೂರ ಕಾಮಣ್ಣ, ಕಂಬಳಿ ವ್ಯಾಪಾರಕ್ಕೆ ಬಂದವನು. ಕಣ್ಣೊರೆಸಿಕೊಂಡು, "ಪಾಂಡಪ್ಪಾ, ಖರೇನ ನಿಮ್ಮಪ್ಪನ್ನ ಕಂಡಂಗಾತು ನೋಡಪಾ" ಎಂದ. ನಾನು ಹಿಗ್ಗಿದೆ. ಆಮೇಲೆ ದನಿ ಇಳಿಸಿ, "ಆದ್ರ ನಿಮ್ಮಕ್ಕ ಹಿಂಗ್ಯಾಕ ಮಾಡತಾಳ? ಹೋದ ಏಕಾದಸಿಗೆ ನಾ ಕಣ್ಣಾರೆ ಕಂಡೀನಿ. ಕುರಿ ಹಟ್ಟಿ ಹಿಂದ ಬನ್ನಿ ಗಿಡದ ಬುಡಕ ಬಟ್ಟಲ ಇಟ್ಟು ಅಪ್ಪನ ಹೆಸರ ತಗೊಂಡು ಕೈ ಮುಗೀತಿದ್ಲು. ಬಟ್ಟಲದಾಗ ತಲಿ ಸಾರು! ಕುರಿ ತಲಿ ಸಾರು!" ಎಂದ.

ಅಕ್ಕಾ! ನನ್ನ ಮುಖದ ಬಣ್ಣ ಹಸಿಯಾಗಿತ್ತು, ಅಪ್ಪನ ಗಡ್ಡ ಇನ್ನೂ ಗದ್ದದ ಮೇಲಿತ್ತು. ಆ ಗಡ್ಡದೊಳಗೇ ವಾಕರಿಸಿದೆ. ಮಾಳಕರಿಯ ಹೆಸರಿನಲ್ಲಿ ಖಂಡದ ಎಡೆ! ಅದೂ ಏಕಾದಶಿಯ ದಿನ! ಗಂಡ ತೀರಿದ ಮೇಲೆ ತವರಿಗೆ ಬಂದ ನಿನ್ನನ್ನು ಮಗಳಾಗಿ, ತಾಯಾಗಿ ನೋಡಿಕೊಂಡವನಲ್ಲವೇ ಅವನು? ಬರುವ ಭಾದ್ರಪದ ಬಹುಳ ಏಕಾದಶಿಗೆ ಅಪ್ಪನ ವರ್ಷದ ಎಡೆ. ಪಿತೃಪಕ್ಷ ಬೇರೆ. ಜಕ್ಕಣ್ಣ ಜಮಖಂಡಿಯ ಭಟ್ಟರನ್ನು ಕರೆಯಿಸಿ ಶಾಸ್ತ್ರೋಕ್ತವಾಗಿ ಮಾಡಿಸುವವನಿದ್ದಾನೆ. ಅದಕ್ಕೂ ಮೊದಲು ನನಗೆ ಉತ್ತರ ಬೇಕು. ಏನಿದು? ಯಾರು ಕೊಟ್ಟ ಬುದ್ಧಿ?

ಉತ್ತರ ಬರೆಸು. ಸುಮ್ಮನಿದ್ದರೆ ನಾನು ಸುಮ್ಮನಿರುವವನಲ್ಲ.

ನಿನ್ನ ತಮ್ಮ,
ಪಾಂಡಪ್ಪ


ಸಾವಳಗಿ
೨೨ ಆಗಸ್ಟ್ ೧೯೫೩

ಚಿರಂಜೀವಿ ಪಾಂಡಪ್ಪನಿಗೆ ಅಕ್ಕ ಸತ್ಯವ್ವ ಮಾಡುವ ಆಶೀರ್ವಾದಗಳು. ಬರೆದುಕೊಟ್ಟವರು, ಸುಪಾರ್ಶ್ವ ಆದಪ್ಪ, ಕಿರಾಣಿ ಅಂಗಡಿ, ಸಾವಳಗಿ.

ಮಳೆ ಬೇಕಾದಷ್ಟು ಆಗಿದೆ. ಸಜ್ಜೆ ನೋಡುವ ಹಾಗಿದೆ. ಕುರಿಗಳಿಗೆ ಕಾಲುಬೇನೆ ಬಂದು ಹೋಯಿತು, ಬೀರೇಶ್ವರ ಕಾಯ್ದ. ಜಕ್ಕಣ್ಣ ಆರೋಗ್ಯವಾಗಿದ್ದಾನೆ. ಅಪ್ಪನ ಹೆಸರಿನಲ್ಲಿ ಕಟ್ಟೆ ಕಟ್ಟಿಸುತ್ತಿದ್ದಾನೆ. ಬಂದವರೆಲ್ಲ ಅವನ ಕಾಲಿಗೂ ಬೀಳುತ್ತಾರೆ.

ನೀನು ಕೇಳಿದ್ದಕ್ಕೆ ಉತ್ತರ. ಎಡೆ ಇಟ್ಟದ್ದು ಹೌದು. ಕಾಮಣ್ಣ ಸುಳ್ಳು ಹೇಳಿಲ್ಲ. ಹೋದ ಏಕಾದಶಿಯೊಂದೇ ಅಲ್ಲ, ಅಪ್ಪ ತೀರಿದ ತಿಥಿ ಬಂದಾಗಲೆಲ್ಲ ಇಟ್ಟಿದ್ದೇನೆ. ಬಟ್ಟಲಲ್ಲಿ ಇದ್ದದ್ದು

(ಪಾಂಡಪ್ಪನವರೇ, ಇಲ್ಲಿ ನಿಮ್ಮ ಅಕ್ಕನವರು ಆ ಪದಾರ್ಥದ ಹೆಸರು ಹೇಳಿದರು. ನಾನು ಜೈನನು. ಚಾತುರ್ಮಾಸ ನಡೆದಿದೆ. ಆ ಹೆಸರು ನನ್ನ ಟಾಕಿನಿಂದ ಇಳಿಯುವುದಿಲ್ಲ. "ಬರೀರಿ, ಶಾಯಿಗೇನು ಮೈಲಿಗಿ ಆಗೂದಿಲ್ಲ" ಎಂದು ಜಗಳ ತೆಗೆದರು. "ಶಾಯಿ ನಂದು, ಟಾಕು ನಂದು, ಪಾಪಾನೂ ನಂದ ಆಗತೈತಿ ತಂಗೀ" ಎಂದೆ. ಮುಂದಿನ ಮಾತಿಗೆ ಹೋಗುತ್ತೇನೆ. — ಸುಪಾರ್ಶ್ವ)

ಯಾಕೆ ಇಟ್ಟೆ ಎಂಬುದನ್ನು ಈ ಕಾಗದದಲ್ಲಿ ಬರೆಸುವುದಿಲ್ಲ. ಇದು ಅಂಗಡಿ. ಉಪ್ಪು ಕೊಳ್ಳಲು ಬಂದವರು ನಿಂತು ಕೇಳುತ್ತಿದ್ದಾರೆ.

ನಾನು ನಿನಗೆ ಒಂದು ಕೇಳುತ್ತೇನೆ. ನಾಟಕದಲ್ಲಿ ನೀನು ಅಪ್ಪನಾಗಿ ಮಲಗಿರುತ್ತೀಯಂತೆ. ತುಳಸಿ ನೀರು ಹಾಕುವಾಗ ನಿನ್ನ ಬಾಯಿ ಮುಚ್ಚಿರುತ್ತದೆಯೋ, ತೆರೆದಿರುತ್ತದೆಯೋ? ಹಾಗೆ ಮಾಡಲು ಯಾರು ಹೇಳಿಕೊಟ್ಟರು? ಇದಕ್ಕೆ ತಪ್ಪದೆ ಉತ್ತರ ಬರೆ.

ನಾಟಕವಿದ್ದ ದಿನ ಉಪವಾಸ ಮಾಡಬೇಡ. ಒದರುವ ಕೆಲಸ ನಿನ್ನದು, ಹೊಟ್ಟೆ ಹಿಡಿದುಕೊಳ್ಳುತ್ತದೆ.

ಸತ್ಯವ್ವನ ಹೆಬ್ಬೆಟ್ಟು


ಗೋಕಾಕ ಕ್ಯಾಂಪು
೩೧ ಆಗಸ್ಟ್ ೧೯೫೩

ಅಕ್ಕನಿಗೆ ನಮಸ್ಕಾರ.

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಉರಿದೆ. ಆ ಪಾಪದ ಸುಪಾರ್ಶ್ವಣ್ಣನ ಟಾಕು ಕೂಡ ಹೇಸಿಕೊಂಡು ಹಿಂದೆ ಸರಿಯಿತು, ನಿನ್ನ ಕೈ ಸರಿಯಲಿಲ್ಲ! ತಿಂಗಳು ತಿಂಗಳು ಇಟ್ಟಿದ್ದೇನೆ ಎನ್ನುತ್ತೀಯಲ್ಲ, ದೇವರಿಗೆ ದೀಪ ಹಚ್ಚಿದವಳ ಹಾಗೆ! ಕಾರಣ ಕೇಳಿದರೆ ಅಂಗಡಿ, ಉಪ್ಪು, ಜನ. ಬನ್ನಿ ಗಿಡದ ಬುಡಕ್ಕೆ ಇಡುವಾಗ ಇಲ್ಲದ ನಾಚಿಕೆ ಕಾಗದದಲ್ಲಿ ಬಂತೇ?

ಆದರೂ ನೀನು ನನ್ನ ಕಲೆಯ ಬಗ್ಗೆ ಕೇಳಿದ್ದು ಇದೇ ಮೊದಲು. ನಟನಾದವನು ಸಿಟ್ಟಿನಲ್ಲಿದ್ದರೂ ಇಂಥ ಪ್ರಶ್ನೆಗೆ ಉತ್ತರ ಕೊಡದೆ ಇರಲಾರ. ಅನ್ನದ ತಾಟು ಬಂದಾಗ ನನ್ನ ಬಾಯಿ ಮುಚ್ಚಿರುತ್ತದೆ. ತುಟಿ ಬಿಗಿದು ಮುಖ ಗೋಡೆಯ ಕಡೆಗೆ. ತುಳಸಿ ನೀರು ಬಂದೊಡನೆ, ತಾಯಿ ಹಕ್ಕಿಯನ್ನು ಕಂಡ ಮರಿಯ ಹಾಗೆ ಬಾಯಿ ತಾನಾಗಿ ತೆರೆಯುತ್ತದೆ. ಮೇಲೆ ನೀಲಿ ಬೆಳಕು, ಒಳಗಿನಿಂದ ತಾಳ. ಅಲ್ಲಿ ಕಲ್ಲೂ ಕರಗಬೇಕು! ನಾನು ಕಲ್ಪಿಸಿದ್ದಲ್ಲ. ಜಕ್ಕಣ್ಣ ಬರೆದು ಕಳಿಸಿದ್ದ: "ಊರ ಮಂದಿ ಎಲ್ಲ ಕೂಡಿದ್ರು, ತಾಳ ಬಾರಸಾಕತ್ತಿದ್ರು, ಅಪ್ಪನ ಬಾಯಿ ತಾನಾಗೇ ತೆರೀತು, ನಾ ತುಳಸಿ ನೀರು ಬಿಟ್ಟೆ." ಆ ಮಾತನ್ನು ಓದಿದ ದಿನ ನಾನು ಎಷ್ಟು ಅತ್ತೆನೋ ನನಗೇ ಗೊತ್ತು.

ಇನ್ನೊಂದು ಸುದ್ದಿ. ವರ್ಷದ ಎಡೆಯ ಬಗ್ಗೆ ಜಕ್ಕಣ್ಣನ ಕಾಗದ ಬಂದಿದೆ. ಎಡೆ ಇಟ್ಟವನು ಹಿರಿಯರ ಪ್ರಸಾದ ಉಣ್ಣಲೇಬೇಕು. ಏಕಾದಶಿಯಾದ್ದರಿಂದ ಉಣ್ಣಲೂಬಾರದು. ಅದಕ್ಕೆ ಭಟ್ಟರು ದಾರಿ ತೋರಿಸಿದ್ದಾರಂತೆ: ಬಟ್ಟಲು ಎತ್ತಿ ಮೂಗಿನ ಹತ್ತಿರ ಹಿಡಿದು ಒಮ್ಮೆ ಮೂಸಬೇಕು, ಕೆಳಗಿಟ್ಟು ಆಕಳಿಗೆ ಹಾಕಬೇಕು. ಮೂಸಿದರೆ ಉಂಡಂತೆ, ಉಣ್ಣದಿದ್ದುದರಿಂದ ಉಪವಾಸವೂ ಉಳಿದಂತೆ! ಹೇಸಿಗೆ, ಹೇಸಿಗೆ! ಇದೇನು ಸಂತೆಯಲ್ಲಿ ತುಪ್ಪ ಪರೀಕ್ಷೆ ಮಾಡುವುದೇ? ನಾನಾದರೆ ಒಲ್ಲೆ ಎನ್ನುತ್ತಿದ್ದೆ. ಜಕ್ಕಣ್ಣನಿಗೆ ಮಾತ್ರ ಬಲು ಒಪ್ಪಿಗೆಯಾಗಿದೆ. "ಭಾಳ ಛಲೋ ಶಾಸ್ತ್ರ" ಎಂದು ಬರೆದಿದ್ದಾನೆ. ಇರಲಿ. ಅವನ ಮೂಗು, ಅವನ ಪುಣ್ಯ.

ಗಣಪತಿ ಹಬ್ಬಕ್ಕೆ ನಮ್ಮ ಕಂಪನಿ ಬನಹಟ್ಟಿಗೆ ಬರುತ್ತದೆ. ಭಾದ್ರಪದ ಶುದ್ಧ ಏಕಾದಶಿಗೆ 'ಭಕ್ತ ಗಿರಿಮಲ್ಲ', ವಿಶೇಷ ಆಟ. ರಬಕವಿ, ತೇರದಾಳ, ಜಮಖಂಡಿಯ ಮಾಳಕರಿಗಳಿಗೆಲ್ಲ ಆಮಂತ್ರಣ. ಮುಂದಿನ ಸಾಲಿನ ನಡುವಿನ ಕುರ್ಚಿ ಜಕ್ಕಣ್ಣನದು, ಆಟ ಮುಗಿದ ಮೇಲೆ ಶಾಲು ಹೊದಿಸುತ್ತಾರೆ. ನೀನೂ ಬಾ. ಬಂದು ಕಣ್ಣಿಂದ ನೋಡು, ನೀನು ಹೊಲಸು ಮಾಡಿದ ಹೆಸರು ಎಷ್ಟು ಎತ್ತರದಲ್ಲಿದೆ ಎಂದು.

ಒಂದು ಮಾತು ನೆನಪಿರಲಿ. ವರ್ಷದ ದಿನ ನಾನು ಊರಿಗೆ ಬರುತ್ತೇನೆ. ಆ ಬಟ್ಟಲು ಕಂಡರೆ, ಬೀರೇಶ್ವರನ ಆಣೆ, ಒದೆಯುತ್ತೇನೆ.

ಪಾಂಡಪ್ಪ


ಸಾವಳಗಿ
೧೦ ಸಪ್ಟಂಬರ ೧೯೫೩

ಪಾಂಡ್ಯಾ,

ಇದು ನನ್ನ ಕೈಬರಹ. ಮಾಸ್ತರು ಗುಡಿಕಟ್ಟಿ ಮ್ಯಾಲೆ ದೊಡ್ಡವರ ಸಾಲಿ ನಡಸತಾರ. ಬ್ಯಾಸಗಿಯಿಂದ ಹೊಂಟೀನಿ. ಅಕ್ಷರ ಕುರಿ ಹಿಕ್ಕಿ ಚೆಲ್ಲಿದಂಗ ಅದಾವ, ನಗಬ್ಯಾಡ. ಸುಪಾರ್ಶ್ವಣ್ಣನ ಮುಂದ ಇದನ್ನ ಹೇಳಾಕ ಬರೂದಿಲ್ಲ. ಹೇಳಿದ್ರೂ ಅಂವ ಬರಿಯೂದಿಲ್ಲ. ಅದಕ್ಕ ನಾನ ಬರದೀನಿ.

ಅಪ್ಪ ಅನ್ನ ಒಲ್ಲೆ ಅನ್ನಲಿಲ್ಲ.

ಹಾಸಿಗಿ ಹಿಡದಾಗಿಂದ ಅವಗ ತಲಿ ಸಾರಿನ ನೆನಪು ಹತ್ತಿತ್ತು. ಸಣ್ಣಾಂವ ಇದ್ದಾಗ ನಮ್ಮ ಮುತ್ಯಾ ಹಟ್ಟ್ಯಾಗ ಮೂರು ಕಲ್ಲ ಹೂಡಿ ಮಾಡತಿದ್ನಂತ, ಆ ಸಾರು. ನಗತಿದ್ದ, ಹೇಳತಿದ್ದ, ಮತ್ತ ಸುಮ್ಮನಾಗತಿದ್ದ. ದಶಮಿ ದಿನಾ ತಾನ ಕೊರಳಾನ ಮಾಲಿ ತಗದು ನನ್ನ ಕೈಯಾಗ ಕೊಟ್ಟ. "ಗೂಟಕ್ಕ ಹಾಕ ಸತ್ಯಾ. ವಿಠ್ಠಲ ತಿಳಕೋತಾನ. ಹಸಿವ್ಯಾಗೇತಿ, ಒಂದ ಬಟ್ಟಲ ಸಾರು ಮಾಡ" ಅಂದ. ನಾ ಮಾಲಿ ಗೂಟಕ್ಕ ಹಾಕಿದೆ.

ಏಕಾದಸಿ ಮುಂಜಾನೆ ಸಾರು ಮಾಡಿದೆ. ವಾಸನಿ ಮನಿ ತುಂಬಿತು. ಅಪ್ಪ ಕಣ್ಣ ತಗದ. ಮೂಗು ಹಿಗ್ಗಿಸಿ ಹಿಗ್ಗಿಸಿ ತಗೋತಿದ್ದ. ಜಕ್ಕಣ್ಣ ಬಂದ. ಗಡಿಗಿ ಎತಗೊಂಡು ಹೋಗಿ ತಿಪ್ಪಿಗೆ ಸುರುವಿದ. ನಾಯಿ ಬಂದು ಉಂಡುವು, ಕಚ್ಚ್ಯಾಡಿ ಉಂಡುವು, ಅಪ್ಪಗ ಆ ಸಪ್ಪಳ ಕೇಳತಿತ್ತು. ಮಾಲಿ ಗೂಟದಿಂದ ತಗದು ಮತ್ತ ಅಪ್ಪನ ಕೊರಳಿಗೆ ಹಾಕಿದ.

ಅಪ್ಪ ಅಂದ, "ಜಕ್ಯಾ, ಹಸಿವ್ಯಾಗೇತಿ."

ಇಂವ ಅಂದ, "ಇವತ್ತ ಏಕಾದಸಿ ಅಪ್ಪಾ. ನಾಳಿ."

ಎಷ್ಟ ಸಲ ಕೇಳಿದನೋ ಅಷ್ಟ ಸಲ ಇದ ಮಾತು. ನಾಳಿ. ನಾ ಒಂದ ತುತ್ತು ರೊಟ್ಟಿ ಹಾಲಾಗ ನೆನಿಸಿ ತಂದ್ರ ನನ್ನ ರಟ್ಟಿ ಹಿಡದು ಹೊರಗ ಹಾಕಿ ಅಗಳಿ ಹಾಕಿದ. ಮಂದೀನ ಕರದ. ತಾಳ ಬಂದುವು, ಮೃದಂಗ ಬಂತು. ಅಪ್ಪ ಕೇಳೂದು ಮಂದಿಗೆ ಕೇಳಿಸಬಾರದು ಅಂತ ಬಂತೋ, ಭಕ್ತಿಯಿಂದ ಬಂತೋ, ನನಗ ಗೊತ್ತಿಲ್ಲ. ಅಣ್ಣನೂ ಅಳತಿದ್ದ, ಅದು ಖರೆ. ನಾ ಕಿಡಕ್ಯಾಗ ನಿಂತು ನೋಡಿದೆ.

ಹಕ್ಕಿ ಮರಿ ಬಾಯಿ ತಗದಂಗ ಅಂತ ಬರದೀಯಲ್ಲ. ಹೌದು, ಹಂಗ ತಗದ. ಹಕ್ಕಿ ಮರಿ ಬಾಯಿ ಯಾಕ ತಗೀತೈತೋ ಪಾಂಡ್ಯಾ? ತುಳಸಿ ನೀರಿಗೇನು? ಉಣ್ಣಾಕ ತಗೀತೈತಿ. ಅಪ್ಪ ಉಣ್ಣಾಕ ಬಾಯಿ ತಗದ, ಅಣ್ಣ ನೀರು ಹಾಕಿದ. ನೀ ಅದನ್ನ ತಕ್ಕೊಂಡು ಊರೂರಿಗೆ ಮಾಡಿ ತೋರಸಾಕತ್ತಿ. ಒನ್ಸ್‌ಮೋರ್ ಅಂದ್ರ ಎರಡ ಸಲ.

ಭಟ್ಟರ ಮೂಸು ಶಾಸ್ತ್ರ ಜಕ್ಕಣ್ಣ ಮಾಡೂದೇನು ಬಂತು? ಅಪ್ಪ ಜೀವ ಇದ್ದಾಗನ ಅವನ ಕೈಲೆ ಮಾಡಿಸ್ಯಾನ.

ಅಪ್ಪನ ಹೆಸರು ಹೊತ್ತು ಊರ ಕುಣಿಯಾಕತ್ತಿತ್ತು, ಯಾರ ಮುಂದ ಹೇಳಲಿ? ನಿನ್ನ ಮುಂದ ಹೇಳೋಣಂದ್ರ ನೀ ಎಲ್ಲಾರಕಿಂತ ಎತ್ತರ ಕುಣಿಯಾಕತ್ತಿದ್ದಿ. ಅದಕ್ಕ ನಾ ಬನ್ನಿ ಗಿಡದ ಬುಡಕ ಇಟ್ಟೀನಿ. ಬಾಗಲ ಅಗಳಿ ಹಾಕಿದ್ರೂ ಬಯಲಿಗೆ ಅಗಳಿ ಹಾಕಾಕ ಬರೂದಿಲ್ಲ. ನಿನಗ ನನ್ನ ಬಟ್ಟಲ ಹೇಸಿಗಿ. ನನಗ ನಿಮ್ಮಿಬ್ಬರ ತುಳಸಿ ಕಂಡ್ರ ಹೇಸಿಗಿ. ವರ್ಷದ ದಿನಾ ನಾ ಇಡಾಕಿನ. ಒದಿಯಾಕ ಬರತೀಯಂದ್ರ ಬಾ. ಕಾಲಾನ ಕೆರ ಕಳದು ಬಾ, ಸಾರು ಬಿಸಿ ಇರತೈತಿ.

ಬನಹಟ್ಟಿಗೆ ನಾ ಬರೂದಿಲ್ಲ. ನೋಡೀನಿ ಆ ಆಟ.

ಸತ್ಯವ್ವ


ಬನಹಟ್ಟಿ ಕ್ಯಾಂಪು
೨೨ ಸಪ್ಟೆಂಬರ್ ೧೯೫೩

ಅಕ್ಕಾ,

ನಿನ್ನ ಕಾಗದವನ್ನು ಹರಿದು ಒಗೆದೆ. ಸುಳ್ಳು ಎಂದೆ. ಅಡ್ಡಾದಿಡ್ಡಿ ಅಕ್ಷರದ ಹುಚ್ಚಿ ಎಂದೆ. ಉತ್ತರ ಬರೆಯಲಿಲ್ಲ. ಗಣಪತಿ ಬಂದ, ಪ್ರಾಕ್ಟೀಸು ನಡೆಯಿತು, ಊರ ತುಂಬ ಮಗ್ಗಗಳ ಸದ್ದು. ಆ ಖಟ ಖಟದೊಳಗೆಲ್ಲ ನನಗೆ ಕೇಳಿದ್ದು ಒಂದೇ ಮಾತು, ನಾಳಿ, ನಾಳಿ, ನಾಳಿ.

ಏಕಾದಶಿ ಬಂತು. ಮುಂದಿನ ಸಾಲುಗಳಲ್ಲಿ ತುಳಸಿ ಮಾಲೆಗಳ ಕಾಡು. ನಡುವೆ ಜಕ್ಕಣ್ಣ, ಬಿಳಿ ರುಮಾಲು, ಹಣೆಗೆ ವಿಠ್ಠಲನ ಕರಿ ಬುಕ್ಕಿಟ್ಟು. ಕಂಪನಿಯ ಮಾಲಕರು ಶಾಲನ್ನು ಮೊದಲೇ ಅವನ ಕುರ್ಚಿಯ ಬೆನ್ನಿನ ಮೇಲೆ ಹಾಸಿಟ್ಟಿದ್ದರು. ನಾನು ಮುಂಜಾನೆಯಿಂದ ನೀರನ್ನೂ ಮುಟ್ಟಿರಲಿಲ್ಲ.

ಮೊದಲ ಎರಡು ಅಂಕ ಬೆಂಕಿ! ಮೂರನೆಯದಕ್ಕೆ ಪರದೆ ಎದ್ದಿತು, ನಾನು ಮಲಗಿದ್ದೇನೆ. ತಾಟು ಬಂತು. 'ದೂರ! ದೂರ ಸರಿಸು' ಎನ್ನಬೇಕು. ನಾಲಿಗೆ ಏಳಲಿಲ್ಲ. ಒಳಗಿನಿಂದ ಮಾತು ಎತ್ತಿಕೊಟ್ಟರು, ಮತ್ತೆ ಎತ್ತಿಕೊಟ್ಟರು. ನಾನು ತಾಟು ನೋಡುತ್ತಲೇ ಇದ್ದೆ. ಬಣ್ಣದ ಅನ್ನ, ಸುಣ್ಣದ ಉಂಡೆ. ಮಗನ ಪಾತ್ರದ ಹುಡುಗ ಏನು ಮಾಡಬೇಕೋ ತಿಳಿಯದೆ ತುಳಸಿ ನೀರು ತಂದು ಬಿಟ್ಟ. ನನ್ನ ಬಾಯಿ ತೆರೆಯಿತು. ನೀರು ಬಿತ್ತು, ಗಡ್ಡದ ಮೇಲೆ ಹರಿಯಿತು. ಬಾಯಿ ಮುಚ್ಚಲಿಲ್ಲ. ಮೂರು ಅಂಕದ ಗ್ರಂಥಭಾಷೆ ಒಮ್ಮೆಲೆ ಹರಿದು ಸಾವಳಗಿಯ ಮಾತು ಹೊರಗೆ ಬಿತ್ತು:

"ಜಕ್ಯಾ, ಹಸಿವ್ಯಾಗೇತಿ."

ಹುಡುಗ, ಪಾಪ, ತನಗೆ ಹೊಳೆದದ್ದು ಹೇಳಿದ: "ಅಪ್ಪಾ, ಇಂದು ಏಕಾದಶಿಯಲ್ಲವೇ?" ನಾನು ಮತ್ತೆ ಅದನ್ನೇ ಅಂದೆ. ಪೇಟಿಯವನು ಸ್ವರ ಹಿಡಿದ, ತಾಳದವರು ತಾಳ ಎತ್ತಿದರು, ನಾನು ತಾಳದ ಮೇಲೆ ಒದರಿದೆ: "ಹಸಿವ್ಯಾಗೇತಿ! ಒಂದ ತುತ್ತು ಹಾಕೋ!"

ಆಗ ಹೆಂಗಸರ ಕಡೆಯಿಂದ ಒಬ್ಬ ಮುದುಕಿ ಎದ್ದಳು. ರಬಕವಿಯವಳಂತೆ, ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುವವಳು. ಮಗ್ಗುಲಿನವರು ಸೆರಗು ಜಗ್ಗಿದರು. "ಬೋರವ್ವಾ, ಕುಂದರ ಬೇ! ಅದು ನಾಟಕ!"

"ನಾಟಕದಾಗಿನಾಂವಗ ಹೊಟ್ಟಿ ಇರೂದಿಲ್ಲೇನ?" ಎಂದಳು. ಮಾಳಕರಿಗಳ ಕಾಲು ತುಳಿದುಕೊಂಡು, ಒಬ್ಬರ ರುಮಾಲು ಕೆಡವಿ, ರಂಗದ ಮುಂದೆ ಬಂದು ನಿಂತಳು. ಉಡಿಯೊಳಗಿನ ಬುತ್ತಿ ಬಿಚ್ಚಿ ರೊಟ್ಟಿಯನ್ನು ಮೇಲಕ್ಕೆ ಚಾಚಿದಳು. "ತಿನ್ನೋ ಯಪ್ಪಾ. ಏಕಾದಸಿ ಸುಟ್ಟು ಬರಲಿ. ತಿನ್ನು. ಖಾರ ಐತಿ, ನೀರು ಕುಡಕೋತ ತಿನ್ನು."

ಅಕ್ಕಾ, ನಾನು ತಿಂದೆ. ಅಪ್ಪನ ಗಡ್ಡ ಕಟ್ಟಿಕೊಂಡು, ಎಲ್ಲ ಮಾಳಕರಿಗಳ ಎದುರು, ಏಕಾದಶಿಯ ದಿನ, ಗಬಗಬ ತಿಂದೆ. ತುಳಸಿ ಮಾಲೆಯ ಕಾಡಿನಿಂದ ಬೈಗಳು ಬಂದವು, ಒಂದು ಕೆರವೂ ಬಂತು. ಹಿಂದಿನಿಂದ ಒನ್ಸ್‌ಮೋರ್! ಆ ಮುದುಕಿ ಮಾತ್ರ ಅಲ್ಲೇ ನಿಂತು, ನಾನು ನುಂಗಿದೆನೋ ಇಲ್ಲವೋ ಎಂದು ಗಂಟಲು ನೋಡುತ್ತಿದ್ದಳು.

ಪರದೆ ಬಿದ್ದ ಮೇಲೆ ಜಕ್ಕಣ್ಣ ಒಳಗೆ ಬಂದ. ಶಾಲು ಕುರ್ಚಿಯ ಮೇಲೇ ಬಿದ್ದಿತ್ತು. "ಯಾರು ಹೇಳಿದ್ರು ನಿನಗ?" ಎಂದ. "ಹೇಳಿದಾಕಿ ಸುಳ್ಳಿ ಅನ್ನು. ಈಗ ನನ್ನ ಮುಂದ ಅನ್ನು" ಎಂದೆ. ಅನ್ನಲಿಲ್ಲ. "ವೈಕುಂಠ ತಪ್ಪತಿತ್ತೋ ಪಾಂಡ್ಯಾ. ಅಷ್ಟ ವರ್ಷದ ಉಪವಾಸ ಒಂದ ಬಟ್ಟಲ ಸಾರಿನ್ಯಾಗ ಕೊಚ್ಚಿ ಹೋಗತಿತ್ತು. ನಾ ಉಳಿಸೀನಿ ಅವನ್ನ" ಎಂದ. ನಂಬಿಯೇ ಹೇಳಿದ. ಅದೇ ನನಗೆ ಹೆಚ್ಚು ಹೇಸಿಗೆ. ಕಳ್ಳನಾಗಿದ್ದರೆ ಉಗುಳಿ ಬಿಡಬಹುದಿತ್ತು.

ಇನ್ನೂ ಇದೆ ಕೇಳು, ಹೊಲಸಿಗೆ ಕೊನೆಯಿಲ್ಲ. ಮಾಲಕರು ಮೊದಲು ನನ್ನ ಕೊರಳಪಟ್ಟಿ ಹಿಡಿದರು. ಮರುದಿನ ನಗುತ್ತ ಬಂದರು. "ಪಾಂಡಪ್ಪ, ಊರೆಲ್ಲ ಅದ ಮಾತು. ಮುಧೋಳ ಕ್ಯಾಂಪಿನ್ಯಾಗೂ ಹಂಗ ಮಾಡು. ಒಬ್ಬ ಮುದುಕಿನ್ನ ಮೊದಲ ಗೊತ್ತು ಮಾಡಿ ಕುಂದರಸೂಣು, ರೊಟ್ಟಿ ಕಂಪನೀದು!" ಎಂದರು. ನಾನು ಗಡ್ಡವನ್ನು ಅವರ ಕೈಗೆ ಕೊಟ್ಟೆ. ಈಗ ದ್ವಾರಪಾಲಕನ ಪಾತ್ರ. ಮಾತಿಲ್ಲ, ಈಟಿ ಹಿಡಿದು ನಿಲ್ಲುವುದು. ಈ ಗಂಟಲಿಗೆ ಅದೇ ಒಳ್ಳೆಯದು.

ವರ್ಷದ ದಿನ ನಾನು ಬರುವುದಿಲ್ಲ. ನಾನು ನಿಂತ ಕಡೆ ರಂಗವಾಗುತ್ತದೆ, ನಾಲ್ಕು ಜನ ಕೂಡುತ್ತಾರೆ. ಅಪ್ಪನ ಸಾವನ್ನು ನಾಟಕ ಮಾಡಿದ್ದು ಸಾಕು. ಎಡೆ ನೀನೇ ಇಡು. ಆದರೆ ಬನ್ನಿ ಗಿಡದ ಬುಡಕ್ಕಲ್ಲ. ಅಗಳಿ ಹಾಕಿದ ಆ ನಡುಮನೆಯಲ್ಲೇ ಇಡು. ಏನಾಯಿತೆಂದು ನಿನ್ನ ಕೈಯಿಂದಲೇ ಬರೆ.

ಪಾಂಡ್ಯಾ


ಸಾವಳಗಿ
೭ ಅಕ್ಟೋಬರ ೧೯೫೩

ಪಾಂಡ್ಯಾಗ ಅಕ್ಕನ ಆಶೀರ್ವಾದ.

ವರ್ಷ ಆತು. ಎಡಿ ನಡುಮನ್ಯಾಗ ಇಟ್ಟೆ.

ಸುಪಾರ್ಶ್ವಣ್ಣ ಮುಂಜಾನೇನ ಅಂಗಡಿ ಬಾಗಲಾ ಹಾಕ್ಕೊಂಡು ತೇರದಾಳಕ್ಕ ಹೋದ. ಹೋಗೂಮುಂದ ಮಸಾಲಿಗೆ ಹವೀಜ, ಲವಂಗ ಪುಡಿಕಿ ಕಟ್ಟಿ ಕೈಯಾಗ ಇಟ್ಟು, "ಯಾಕ ಅಂತ ನಾ ಕೇಳಿಲ್ಲ, ನೀ ಹೇಳಿಲ್ಲ" ಅಂದ.

ಭಟ್ಟರು ಬಂದು ಹೊರಗ ಕಟ್ಟಿ ಮ್ಯಾಲೆ ಎಳ್ಳು ನೀರು ಬಿಡಿಸಿದ್ರು. ಶೇಂಗಾ ಉಂಡಿ ಬಾಳಿಹಣ್ಣ ಎಡಿ. ಜಕ್ಕಣ್ಣ ಮೂಸಿದ, ಆಕಳಿಗೆ ಹಾಕಿದ. ಹೋದ ವರ್ಷ ಕೂಡಿದ ಮಂದ್ಯಾಗ ಅರ್ಧಾ ಮಂದಿ ಬಂದಿರಲಿಲ್ಲ. ಬನಹಟ್ಟಿ ಸುದ್ದಿ ನಮ್ಮೂರಿಗೆ ನಡಕೋತ ಅಲ್ಲ, ಓಡಿ ಬಂದೈತಿ. ಭಟ್ಟರಿಗೆ ಒಳಗಿನ ವಾಸನಿ ಬಡೀತು, ಧೋತರ ಎತ್ತಿಕೊಂಡು ಟಾಂಗಾ ಹತ್ತಿದ್ರು.

ನಾ ಅಪ್ಪನ ಕಂಬಳಿ ಹಾಸಿ, ಅವನ ಕಂಚಿನ ಬಟ್ಟಲದಾಗ ತಲಿ ಸಾರು ಹಾಕಿ, ಜ್ವಾಳದ ರೊಟ್ಟಿ ಇಟ್ಟು ಕೈ ಮುಗದೆ. "ಅಪ್ಪಾ, ಭಾಳ ತಡಾ ಆತು, ಉಣ್ಣು" ಅಂದೆ.

ಜಕ್ಕಣ್ಣ ಒಳಗ ಬಂದ. ಒದೀತಾನ ಅಂತ ನಾ ಅಡ್ಡ ನಿಂತೆ. ಒದಿಲಿಲ್ಲ. ಕಂಬಳಿ ಮುಂದ ಕುಂತ. ಬಟ್ಟಲ ಎತ್ತಿ ಮೂಸಿದ. ಭಟ್ಟರು ಹೇಳಿದ್ದು ಒಂದ ಸಲ ಮೂಸಿ ಕೆಳಗಿಡು ಅಂತ. ಇಂವ ಇಡಲಿಲ್ಲ. ಮತ್ತ ಮೂಸಿದ. ಮೂಗು ಹಿಗ್ಗಿಸಿ ಹಿಗ್ಗಿಸಿ, ಅಪ್ಪ ಮಾಡಿದಂಗ. ಬಾಯಾಗಿನ ನೀರು ಗದ್ದಕ್ಕ ಇಳೀತು. ನೋಡಿ ನನಗ ಹೇಸಿಗಿ ಬಂತು. ಆದ್ರೂ ಮಾರಿ ತಿರುವಲಿಲ್ಲ.

"ಸತ್ಯಾ, ನನಗ ಹಸಿವ್ಯಾಗೇತಿ" ಅಂದ. ಅಗದೀ ಅಪ್ಪನ ದನಿ.

ನಾ ಬಟ್ಟಲ ಅವನ ಕೈಯಾಗಿಂದ ಕಸಗೊಂಡೆ. ಅಪ್ಪನ ಮುಂದ ಇಟ್ಟೆ.

"ಇವತ್ತ ಏಕಾದಸಿ ಅಣ್ಣಾ. ನಾಳಿ" ಅಂದೆ.

ಅಂವ ಗ್ವಾಡಿಗೆ ಬೆನ್ನ ಹಚ್ಚಿ ಕುಂತ. ಏಳಲಿಲ್ಲ. ನಾನೂ ಬಾಗಲಾ ತಗದ ಇಟ್ಟು ಹೊಸ್ತಲದಾಗ ಕುಂತೆ. ನನ್ನ ಸಿಟ್ಟು ಇಳದಿಲ್ಲ ಪಾಂಡ್ಯಾ, ಇಳೀತೈತಿ ಅಂತ ನಾ ಹೇಳೂದಿಲ್ಲ.

ಮರುದಿನಾ ಹೊತ್ತ ಹೊಂಡೂಮುಂದ ನೋಡಿದ್ರ ಅವನ ಮಾಲಿ ಗೂಟಕ್ಕ ಇತ್ತು. ನಾ ಒಲಿ ಹಚ್ಚಿದೆ. ಬಿಸಿ ರೊಟ್ಟಿ ಬಡದು, ಸಾರು ಕಾಸಿ, ಅವನ ಮುಂದ ತಾಟು ಇಟ್ಟೆ.

ನಾಳಿ ಅಂದ ಮ್ಯಾಲೆ ನಾಳಿ ಆಗಬೇಕಲ್ಲ.

ಸತ್ಯವ್ವ